ಅಂಗಾಲಿನ ಕಪ್ಪು ಗಂತಿ: ಅದನ್ನು ಗುರುತಿಸುವ ಮತ್ತು ನಿವಾರಿಸುವ ಕ್ರಮ

ಎತ್ತುಗಳನ್ನು ಕೊಳ್ಳಲು ಜಾತ್ರೆಗೆ ಹೋದ ರೈತನು ಅವುಗಳ ಹಲ್ಲನ್ನು ಎಣಿಸಿ, ಹೆಗಲನ್ನು ತಡವಿ, ಕಾಲನ್ನೆತ್ತಿಸಿ ಗೊರಸನ್ನು ಪರೀಕ್ಷಿಸಿದ ಹೊರತು ಹಣವನ್ನು ಎಣಿಸಿಕೊಡುವುದಿಲ್ಲ. ಗೊರಸು ಕೆಟ್ಟ ಎತ್ತು ಉಳುಮೆಗೆ ಒದಗದೆಂಬುದು ಅವನಿಗೆ ಚೆನ್ನಾಗಿ ತಿಳಿದ ವಿಷಯ. ಆದರೆ ಗದ್ದೆಯ ಕೆಸರಿನಲ್ಲಿಯೂ ಹೊಲದ ಕೂಳೆಯ ಮೇಲೂ ದಿನವೆಲ್ಲ ನಡೆದಾಡುವ ತನ್ನ ಸ್ವಂತ ಅಂಗಾಲನ್ನು ತಿಂಗಳಿಗೊಮ್ಮೆಯಾದರೂ ತಿರುಗಿಸಿ ನೋಡಿಕೊಳ್ಳುವ ರೈತನು ವಿರಳ. ಮುಳ್ಳು ಮುರಿದಾಗ ಅಥವಾ ಹಿಮ್ಮಡಿ ಒಡೆದು ರಕ್ತ ಸೋರಿದಾಗ ಮಾತ್ರ ಅದರ ನೆನಪಾಗುವುದುಂಟು. ಈ ಅಲಕ್ಷ್ಯದಿಂದ ಸಾಮಾನ್ಯವಾಗಿ ಹೆಚ್ಚಿನ ಹಾನಿಯಾಗುವುದಿಲ್ಲವಾದರೂ, ಒಂದು ವ್ಯಾಧಿಯ ವಿಷಯದಲ್ಲಿ ಮಾತ್ರ ಇದು ಪ್ರಾಣಕ್ಕೇ ಎರವಾಗುತ್ತದೆ. ಅದೇ ಅಂಗಾಲಿನಲ್ಲಿಯೂ ಉಗುರಿನ ಬುಡದಲ್ಲಿಯೂ ಕಾಣಿಸಿಕೊಳ್ಳುವ ಕಪ್ಪು ಗಂತಿ. ವೈದ್ಯರು ಇದನ್ನು ಮೆಲನೋಮ ಎಂದು ಕರೆಯುತ್ತಾರೆ.

ಈ ರೋಗವು ನಮ್ಮ ದೇಶದಲ್ಲಿ ಬಹಳ ಅಪರೂಪವಾದುದು; ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೂ ಬರುವುದಿಲ್ಲ. ಆದುದರಿಂದ ಈ ಲೇಖನವನ್ನು ಓದಿ ಯಾರೂ ತಮ್ಮ ಮೈಮೇಲಿನ ಪ್ರತಿಯೊಂದು ಮಚ್ಚೆಗೂ ಹೆದರಬೇಕಾದ ಕಾರಣವಿಲ್ಲ. ಆದರೂ ಇದನ್ನು ಇಲ್ಲಿ ಪ್ರಸ್ತಾಪಿಸುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಆರಂಭದಲ್ಲಿಯೇ ಕಂಡುಹಿಡಿದರೆ ಸಣ್ಣ ಶಸ್ತ್ರಕ್ರಿಯೆಯಿಂದ ಸಂಪೂರ್ಣವಾಗಿ ವಾಸಿಯಾಗುವ ಈ ವ್ಯಾಧಿಯು ಕೆಲವು ತಿಂಗಳು ತಡವಾದರೆ ವೈದ್ಯರ ಕೈಮೀರುತ್ತದೆ. ಎರಡನೆಯದಾಗಿ, ನಮ್ಮ ಗ್ರಾಮಗಳಲ್ಲಿ ಇದನ್ನು ಆಣಿಯೆಂದೋ ಮುಳ್ಳಿನ ಗಾಯವೆಂದೋ ಭಾವಿಸಿ, ಕೊಯ್ದು, ಸುಟ್ಟು, ಕಾಲವನ್ನು ಕಳೆಯುವ ರೂಢಿ ಇದೆ. ಈ ಎರಡನ್ನೂ ಸರಿಪಡಿಸಲು ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ಇರುವಷ್ಟು ಅನುಕೂಲವು ಬೇರೆಯವರಿಗಿಲ್ಲ.

ರೋಗದ ಸ್ವರೂಪ

ಮನುಷ್ಯನ ಚರ್ಮಕ್ಕೆ ಬಣ್ಣವನ್ನು ಕೊಡುವ ಸೂಕ್ಷ್ಮವಾದ ಜೀವಕೋಶಗಳುಂಟು. ಇವು ಕಪ್ಪು ವರ್ಣದ್ರವ್ಯವನ್ನು ಉತ್ಪತ್ತಿ ಮಾಡಿ ಸುತ್ತಲಿನ ಚರ್ಮಕ್ಕೆ ಹಂಚುತ್ತವೆ. ಈ ಕೋಶಗಳು ಅಲ್ಲಲ್ಲಿ ಗುಂಪುಗೂಡಿದಾಗ ನಮಗೆ ಸಾಧಾರಣವಾದ ಮಚ್ಚೆ ಕಾಣುತ್ತದೆ; ಇದರಿಂದ ಯಾವ ಅಪಾಯವೂ ಇಲ್ಲ. ಆದರೆ ಯಾವುದೋ ಕಾರಣದಿಂದ ಇವುಗಳಲ್ಲೊಂದು ಕೋಶವು ಅಂಕೆ ತಪ್ಪಿ ಬೆಳೆಯಲಾರಂಭಿಸಿದರೆ ಅದು ಕಪ್ಪು ಗಂತಿಯಾಗುತ್ತದೆ. ಮೊದಮೊದಲು ಇದು ಚರ್ಮದ ಮೇಲ್ಪದರದಲ್ಲಿ ಹಾಸಿಕೊಂಡಂತೆ ಅಡ್ಡಲಾಗಿ ಹರಡುತ್ತದೆ. ಆಗ ನೋವಾಗಲಿ ತುರಿಕೆಯಾಗಲಿ ಇರುವುದಿಲ್ಲ. ಬಳಿಕ ಇದು ಕೆಳಕ್ಕೆ ಬೇರೂರಿ, ತೊಡೆಯ ಸಂದಿನಲ್ಲಿರುವ ದುಗ್ಧರಸ ಗ್ರಂಥಿಗಳನ್ನು ಸೇರಿ, ಅಲ್ಲಿಂದ ಶ್ವಾಸಕೋಶ, ಯಕೃತ್ತು ಮತ್ತು ಮಿದುಳುಗಳಿಗೆ ಪಸರಿಸುತ್ತದೆ.

ಬಿಳಿಯ ಚರ್ಮದ ಜನರಲ್ಲಿ ಈ ಗಂತಿಗೆ ಬಿಸಿಲೇ ಮುಖ್ಯ ಕಾರಣ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಲ್ಲಿ ಪ್ರಪಂಚದ ಬೇರೆಲ್ಲ ಕಡೆಗಳಿಗಿಂತ ಇದು ಹೆಚ್ಚು. ಆಸ್ಟ್ರೇಲಿಯಾದಲ್ಲಿ ೧೯೮೧ನೆಯ ಇಸವಿಯಿಂದ ಅಂಗಿ ತೊಡಿರಿ, ಲೇಪವನ್ನು ಬಳಿಯಿರಿ, ಟೋಪಿ ಹಾಕಿರಿ ಎಂದು ಜನರಿಗೆ ಸಾರುತ್ತ ಬಂದಿದ್ದಾರೆ. ನಮ್ಮ ಕಪ್ಪು ಹಾಗೂ ಗೋಧಿ ಬಣ್ಣದ ಚರ್ಮವು ಬಿಸಿಲಿನಿಂದಾಗುವ ಈ ಹಾನಿಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅಂಗಾಲು, ಅಂಗೈ ಮತ್ತು ಉಗುರಿನ ಬುಡ, ಈ ಮೂರು ಸ್ಥಳಗಳಲ್ಲಿ ಬರುವ ಗಂತಿಯು ಬೇರೆ ಬಗೆಯದು. ಇದಕ್ಕೂ ಬಿಸಿಲಿಗೂ ಸಂಬಂಧವಿಲ್ಲ. ಅಮೆರಿಕಾದ ರೀಡ್ ಎಂಬ ವೈದ್ಯರು ೧೯೭೬ರಲ್ಲಿ ಇದನ್ನು ಒಂದು ಪ್ರತ್ಯೇಕ ಜಾತಿಯೆಂದು ವಿಂಗಡಿಸಿದರು. ಭಾರತೀಯರಲ್ಲಿ ಚರ್ಮದ ಕಪ್ಪು ಗಂತಿ ಕಾಣಿಸಿಕೊಂಡರೆ ಅದು ಹೆಚ್ಚಾಗಿ ಈ ಜಾತಿಯದೇ ಆಗಿದ್ದು, ಪಾದದಲ್ಲಿಯೇ ಇರುತ್ತದೆ. ಪಾದದ ಮೇಲೆ ಸದಾ ಬೀಳುವ ಭಾರ ಮತ್ತು ಪೆಟ್ಟುಗಳು ಇದಕ್ಕೆ ಸಹಾಯಕವಾಗಿರಬಹುದೆಂಬ ಶಂಕೆ ವಿದ್ವಾಂಸರಲ್ಲಿ ಇದೆ. ಇದು ಸಾಮಾನ್ಯವಾಗಿ ನಡುವಯಸ್ಸು ದಾಟಿದವರಲ್ಲಿ ಹೆಚ್ಚು.

ಕಪ್ಪು ಚರ್ಮವಿರುವವರಿಗೆ ಈ ರೋಗವು ಬಾರದೆಂಬ ನಂಬಿಕೆಯು ಎಷ್ಟು ಅಪಾಯಕರವೆಂಬುದಕ್ಕೆ ಜಮೈಕಾ ದ್ವೀಪದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರ ಮರಣವೇ ದೃಷ್ಟಾಂತ. ಇವರು ಕಾಲ್ಚೆಂಡಾಟದಲ್ಲಿ ಬಹಳ ಆಸಕ್ತರು. ಇವರ ಬಲಗಾಲಿನ ಹೆಬ್ಬೆರಳಿನ ಉಗುರಿನ ಕೆಳಗಿದ್ದ ಹುಣ್ಣನ್ನು ಮೊದಲು ಆಟದಲ್ಲಿ ಬಿದ್ದ ಪೆಟ್ಟೆಂದು ಭಾವಿಸಲಾಗಿತ್ತು. ಅದು ಕಪ್ಪು ಗಂತಿಯೆಂದು ೧೯೭೭ರಲ್ಲಿ ತಿಳಿಯಿತು. ಬೆರಳನ್ನು ತೆಗೆಸಬೇಕೆಂಬ ಸಲಹೆಗೆ ಅವರು ಒಪ್ಪಲಿಲ್ಲ. ಉಗುರನ್ನೂ ಅದರ ಬುಡವನ್ನೂ ಮಾತ್ರ ತೆಗೆಯಲಾಯಿತು. ರೋಗವು ಶ್ವಾಸಕೋಶಕ್ಕೂ ಮಿದುಳಿಗೂ ಹರಡಿ, ೧೯೮೧ನೆಯ ಮೇ ತಿಂಗಳು ೧೧ರಂದು, ತಮ್ಮ ೩೬ನೆಯ ವಯಸ್ಸಿನಲ್ಲಿ ಅವರು ಕಾಲವಾದರು. ಲೋಕಪ್ರಸಿದ್ಧರಾದ ಒಬ್ಬರಲ್ಲಿಯೇ ಪೆಟ್ಟೆಂಬ ಭ್ರಮೆಯುಂಟಾದ ಮೇಲೆ, ದಿನವೂ ಕಲ್ಲು ಮುಳ್ಳುಗಳನ್ನು ತುಳಿಯುವ ರೈತನಲ್ಲಿ ಅದು ಉಂಟಾಗುವುದರಲ್ಲಿ ಆಶ್ಚರ್ಯವೇನು?

ಗುರುತಿಸುವ ಬಗೆ

ಅಂಗಾಲಿನಲ್ಲಿ ಕಪ್ಪು ಕಲೆಗಳು ಕಾಣಲು ಬೇರೆ ಕಾರಣಗಳೂ ಇವೆ. ಒಡೆದ ಹಿಮ್ಮಡಿಗೆ ಕರಿಗೇರಿನ ಎಣ್ಣೆಯನ್ನು ಹಚ್ಚಿದರೆ ಚರ್ಮ ಕಪ್ಪಾಗುತ್ತದೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದೂ ಈ ಕಾಯಿಯ ರಸದಿಂದಲೇ. ಈ ಕಲೆಯು ಮೇಲಿನ ಚರ್ಮ ಉದುರಿದಂತೆ ಕೆಲವು ವಾರಗಳಲ್ಲಿ ಹೋಗುತ್ತದೆ. ಕಲ್ಲು ಒತ್ತಿ ಒಳಗೆ ರಕ್ತ ಹೆಪ್ಪುಗಟ್ಟಿದರೆ ಅದೂ ಕಪ್ಪಾಗಿ ಕಂಡು, ಬರಬರುತ್ತ ಮಾಸುತ್ತದೆ. ಕಪ್ಪು ಗಂತಿಯಾದರೋ ಮಾಸುವುದಿಲ್ಲ, ಬೆಳೆಯುತ್ತದೆ. ಅದರ ಮುಖ್ಯ ಚಿಹ್ನೆಗಳು ಈ ಕೆಳಗಿನಂತಿವೆ:

೧. ಮಚ್ಚೆಯ ಎರಡು ಅರ್ಧಗಳು ಒಂದನ್ನೊಂದು ಹೋಲುವುದಿಲ್ಲ. ಸಾಧಾರಣ ಮಚ್ಚೆಯು ದುಂಡಗೆ, ಸಮವಾಗಿರುತ್ತದೆ.

೨. ಅದರ ಅಂಚು ಕೆರೆಯ ಅಂಗಳದಲ್ಲಿ ನೀರು ನಿಂತ ಗೆರೆಯಂತೆ ಒಳಕ್ಕೂ ಹೊರಕ್ಕೂ ಚಾಚಿಕೊಂಡಿರುತ್ತದೆ.

೩. ಬಣ್ಣವು ಒಂದೇ ತೆರನಾಗಿರದೆ, ಒಂದು ಕಡೆ ಕಂದು, ಒಂದು ಕಡೆ ಕಡುಕಪ್ಪು, ಮತ್ತೊಂದು ಕಡೆ ಬೂದು ಅಥವಾ ಕೆಂಪು ಛಾಯೆಯಾಗಿರುತ್ತದೆ.

೪. ಅಗಲವು ೬ ಮಿಲಿಮೀಟರಿಗಿಂತ, ಎಂದರೆ ಸುಮಾರು ಒಂದು ತೊಗರಿ ಕಾಳಿಗಿಂತ, ಹೆಚ್ಚಾಗಿರುತ್ತದೆ.

೫. ವಾರಗಳು ತಿಂಗಳುಗಳು ಕಳೆದಂತೆ ಆಕಾರದಲ್ಲಾಗಲಿ ಬಣ್ಣದಲ್ಲಾಗಲಿ ಎತ್ತರದಲ್ಲಾಗಲಿ ಬದಲಾವಣೆ ಕಾಣುತ್ತದೆ. ಎಲ್ಲ ಚಿಹ್ನೆಗಳಿಗಿಂತಲೂ ಇದೇ ಹೆಚ್ಚು ಮುಖ್ಯವಾದುದು.

೬. ಪೆಟ್ಟಿಲ್ಲದೆಯೇ ರಕ್ತ ಜಿನುಗುತ್ತದೆ. ಅಥವಾ ಹುಣ್ಣಾಗಿ ಎರಡು ತಿಂಗಳಾದರೂ ಮಾಯುವುದಿಲ್ಲ.

ಉಗುರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಕಪ್ಪು ಚರ್ಮದವರಲ್ಲಿ ಹಲವು ಉಗುರುಗಳ ಮೇಲೆ ಉದ್ದುದ್ದವಾದ ಸಣ್ಣ ಕಪ್ಪು ಗೆರೆಗಳಿರುವುದು ಸ್ವಾಭಾವಿಕ. ಆದರೆ ಒಂದೇ ಉಗುರಿನಲ್ಲಿ, ಅದರಲ್ಲಿಯೂ ಹೆಬ್ಬೆರಳಿನಲ್ಲಿ, ಹೊಸದಾಗಿ ಗೆರೆ ಮೂಡಿ ಅಗಲವಾಗುತ್ತ ಬಂದರೆ ಸಂದೇಹಪಡತಕ್ಕದ್ದು. ಕಪ್ಪು ಬಣ್ಣವು ಉಗುರನ್ನು ದಾಟಿ ಅದರ ಬುಡದ ಚರ್ಮಕ್ಕೂ ಹರಡಿದ್ದರೆ ಒಂದು ದಿನವೂ ತಡಮಾಡಬಾರದು. ಇಂಗ್ಲೆಂಡಿನ ಶಸ್ತ್ರವೈದ್ಯ ಹಚಿನ್ಸನ್ನರು ಈ ಚಿಹ್ನೆಯನ್ನು ೧೮೮೬ರಲ್ಲಿಯೇ ವರ್ಣಿಸಿದ್ದು, ಅದು ಇಂದಿಗೂ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಪೆಟ್ಟು ಬಿದ್ದು ಉಗುರಿನ ಕೆಳಗೆ ರಕ್ತ ಕಟ್ಟಿದ್ದರೆ ಆ ಕಲೆಯು ಉಗುರು ಬೆಳೆದಂತೆ ತುದಿಯ ಕಡೆಗೆ ಸರಿಯುತ್ತದೆ, ಮತ್ತು ಅದರ ಹಿಂದೆ ಶುದ್ಧವಾದ ಉಗುರು ಹುಟ್ಟುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು ಒಂದೂವರೆ ಮಿಲಿಮೀಟರು ಮಾತ್ರ ಬೆಳೆಯುವುದರಿಂದ, ತಿಂಗಳಿಗೊಮ್ಮೆ ನೋಡಿದರೆ ಈ ಸರಿತವು ತಿಳಿಯುತ್ತದೆ. ಗಂತಿಯ ಕಪ್ಪು ಸರಿಯುವುದಿಲ್ಲ, ಬುಡದಲ್ಲಿಯೇ ನೆಲೆಯೂರಿರುತ್ತದೆ.

ಕೆಲವೊಮ್ಮೆ ಈ ಗಂತಿಗೆ ಕಪ್ಪು ಬಣ್ಣವೇ ಇರುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಆಗ ಅದು ಕೆಂಪಗಿನ ಹಸಿ ಮಾಂಸದ ಮುದ್ದೆಯಂತೆ ಕಾಣುತ್ತದೆ. ಸಿಹಿಮೂತ್ರ ರೋಗವಿರುವವರಲ್ಲಿ ಇದನ್ನು ಆ ರೋಗದ ಹುಣ್ಣೆಂದು ತಿಳಿದು ತಿಂಗಳುಗಟ್ಟಲೆ ಕಟ್ಟು ಕಟ್ಟುತ್ತ ಕುಳಿತುಕೊಳ್ಳುವ ಸಂಭವವಿದೆ. ಬರಿಗಾಲಿನಲ್ಲಿ ನಡೆಯುವವರಿಗೆ ಬರುವ ಮದುರಾ ಪಾದವೆಂಬ ಬೇರೊಂದು ವ್ಯಾಧಿಯಲ್ಲಿಯೂ ಪಾದ ಊದಿಕೊಂಡು ತೂತುಗಳಿಂದ ಕಪ್ಪು ಕಾಳುಗಳು ಬೀಳುವುದುಂಟು. ಅದರ ಚಿಕಿತ್ಸೆಯೇ ಬೇರೆ. ಇವುಗಳಲ್ಲಿ ಯಾವುದೆಂಬುದನ್ನು ನಿಶ್ಚಯಿಸುವುದು ವೈದ್ಯರ ಕೆಲಸವೇ ಹೊರತು ನಮ್ಮದಲ್ಲ. ನಮ್ಮ ಕೆಲಸವು ಕಂಡ ಕೂಡಲೆ ಅವರಿಗೆ ತೋರಿಸುವುದು.

ಮಾಡಬಾರದ ಚಿಕಿತ್ಸೆಗಳು

ಗ್ರಾಮಗಳಲ್ಲಿ ಮಚ್ಚೆ, ನರುಲಿ ಮತ್ತು ಆಣಿಗಳನ್ನು ತೆಗೆಯಲು ಅನೇಕ ಉಪಾಯಗಳು ರೂಢಿಯಲ್ಲಿವೆ. ಸುಣ್ಣಕ್ಕೆ ಚೌಳು ಅಥವಾ ಸೋಡಾ ಬೆರೆಸಿ ಹಚ್ಚುವುದು, ಕುದುರೆಯ ಬಾಲದ ಕೂದಲನ್ನು ಬಿಗಿಯಾಗಿ ಕಟ್ಟುವುದು, ಕಾದ ಕಬ್ಬಿಣದಿಂದ ಬರೆ ಹಾಕುವುದು, ಕ್ಷೌರದ ಕತ್ತಿಯಿಂದ ಪದರಪದರವಾಗಿ ಕೊಯ್ಯುವುದು ಇವೇ ಮೊದಲಾದುವು. ಸಾಧಾರಣ ನರುಲಿಯ ವಿಷಯದಲ್ಲಿಯೇ ಇವು ಹುಣ್ಣಿಗೂ ನಂಜಿಗೂ ಕಾರಣವಾಗುತ್ತವೆ. ಕಪ್ಪು ಗಂತಿಯ ವಿಷಯದಲ್ಲಿ ಇವುಗಳಿಂದಾಗುವ ಕೇಡು ಇನ್ನೂ ದೊಡ್ಡದು. ಮೇಲಿನ ಕಪ್ಪು ಹೋಗಿ ಗಾಯ ಮಾದಂತೆ ಕಂಡರೂ ಬೇರು ಒಳಗೇ ಉಳಿದು ಬೆಳೆಯುತ್ತಿರುತ್ತದೆ. ಗುರುತು ಅಳಿಸಿಹೋದುದರಿಂದ ಮುಂದೆ ನೋಡುವ ವೈದ್ಯರಿಗೂ ರೋಗವು ಮರೆಯಾಗುತ್ತದೆ. ತೊಡೆಯ ಸಂದಿನಲ್ಲಿ ಗಡ್ಡೆ ಎದ್ದ ಮೇಲೆಯೇ ಸತ್ಯಾಂಶವು ಗೊತ್ತಾಗುವುದು.

ಜೋಳದ ಕಾಡಿಗೆ ರೋಗವನ್ನು ಅರಿತ ರೈತರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾದುದಿಲ್ಲ. ಕಾಡಿಗೆ ಹಿಡಿದ ತೆನೆಯನ್ನು ಅದರ ಪೊರೆ ಒಡೆಯುವುದಕ್ಕೆ ಮೊದಲೇ ಚೀಲದಲ್ಲಿ ಮುಚ್ಚಿ ಕೊಯ್ದು ಸುಡುವವನು ಜಾಣನು. ಅದನ್ನು ಹೊಲದಲ್ಲಿಯೇ ಕೈಯಿಂದ ಉಜ್ಜಿ ಒಡೆದವನು ಕಪ್ಪು ಪುಡಿಯನ್ನು ಗಾಳಿಗೆ ತೂರಿದಂತಾಯಿತು. ತೆನೆಯನ್ನು ಇಡಿಯಾಗಿ ತೆಗೆಯಬೇಕು, ಹೊತ್ತು ಮೀರುವುದಕ್ಕೆ ಮೊದಲು ತೆಗೆಯಬೇಕು. ಈ ಗಂತಿಗೂ ನಿಯಮವು ಅದೇ.

ಸರಿಯಾದ ಚಿಕಿತ್ಸೆ

ವೈದ್ಯರು ಮೊದಲು ಗಂತಿಯ ಭಾಗವನ್ನು ತೆಗೆದು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುವರು. ಹೀಗೆ ಚೂರು ತೆಗೆದರೆ ರೋಗ ಹರಡುವುದೆಂಬ ಭಯವು ಜನರಲ್ಲಿದೆ. ಅದು ನಿರಾಧಾರವಾದುದು, ಈ ಪರೀಕ್ಷೆಯಿಲ್ಲದೆ ರೋಗವನ್ನು ನಿರ್ಧರಿಸುವುದು ಸಾಧ್ಯವೇ ಇಲ್ಲ. ಗಂತಿಯು ಎಷ್ಟು ಆಳಕ್ಕೆ ಇಳಿದಿದೆಯೆಂಬುದನ್ನೂ ಇದರಿಂದಲೇ ಅಳೆಯುವರು. ಈ ಆಳವೇ ರೋಗಿಯ ಮುಂದಿನ ಗತಿಯನ್ನು ಸೂಚಿಸುವುದೆಂದು ೧೯೭೦ರಲ್ಲಿ ಅಮೆರಿಕಾದ ಬ್ರೆಸ್ಲೋ ಎಂಬ ವೈದ್ಯರು ತೋರಿಸಿಕೊಟ್ಟರು. ಆಳವು ೧ ಮಿಲಿಮೀಟರಿಗಿಂತ, ಎಂದರೆ ಸುಮಾರು ಒಂದು ರಾಗಿಯ ಕಾಳಿನ ದಪ್ಪಕ್ಕಿಂತ, ಕಡಿಮೆಯಿದ್ದರೆ ಸುತ್ತಲೂ ೧ ಸೆಂಟಿಮೀಟರಿನಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕೊಯ್ದು ತೆಗೆಯುವರು. ಇಂತಹ ರೋಗಿಗಳಲ್ಲಿ ಬಹುಪಾಲು ಜನರು ಸಂಪೂರ್ಣವಾಗಿ ಗುಣಹೊಂದುತ್ತಾರೆ. ಆಳವು ೨ ಮಿಲಿಮೀಟರು ಮೀರಿದರೆ ಸುತ್ತಲಿನ ೨ ಸೆಂಟಿಮೀಟರು ಚರ್ಮವನ್ನು ತೆಗೆಯಬೇಕಾಗುತ್ತದೆ. ತೊಡೆಯ ಸಂದಿನ ಗ್ರಂಥಿಯನ್ನೂ ಪರೀಕ್ಷಿಸಬೇಕಾಗುತ್ತದೆ. ಉಗುರಿನ ಬುಡದ ಗಂತಿಯು ಆಳಕ್ಕೆ ಇಳಿದಿದ್ದರೆ ಬೆರಳಿನ ಭಾಗವನ್ನೇ ತೆಗೆಯಬೇಕಾಗಬಹುದು. ಬೆರಳೊಂದು ಹೋದರೂ ಮನುಷ್ಯನು ನಡೆದಾಡಬಲ್ಲನು, ಉಳಬಲ್ಲನು. ಬೆರಳನ್ನು ಉಳಿಸಲು ಹೋಗಿ ಪ್ರಾಣವನ್ನು ನೀಗಿಕೊಳ್ಳುವುದು ವಿವೇಕವಲ್ಲ.

ರೋಗವು ಹರಡಿದ ಮೇಲೆ ಹಿಂದೆ ಯಾವ ಔಷಧವೂ ಹೆಚ್ಚು ಪ್ರಯೋಜನಕ್ಕೆ ಬರುತ್ತಿರಲಿಲ್ಲ. ದೇಹದ ಸ್ವಂತ ರಕ್ಷಣಾಶಕ್ತಿಯನ್ನೇ ಗಂತಿಯ ಮೇಲೆ ಎಬ್ಬಿಸುವ ಹೊಸ ಔಷಧಗಳು ೨೦೧೧ರಿಂದ ಈಚೆಗೆ ಬಳಕೆಗೆ ಬಂದಿವೆ. ಇವಕ್ಕೆ ಆಧಾರವಾದ ಸಂಶೋಧನೆಗಾಗಿ ಅಮೆರಿಕಾದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ ೨೦೧೮ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಇವುಗಳಿಂದ ಕೆಲವರು ಅನೇಕ ವರ್ಷ ಬದುಕಿರುವುದು ನಿಜ. ಆದರೆ ಈ ಔಷಧಗಳು ಬಹಳ ದುಬಾರಿ. ಅಲ್ಲದೆ ಅಂಗಾಲಿನ ಗಂತಿಯು ಬಿಸಿಲಿನಿಂದ ಬಂದ ಗಂತಿಯಷ್ಟು ಚೆನ್ನಾಗಿ ಇವಕ್ಕೆ ಮಣಿಯುವುದಿಲ್ಲ. ಆದುದರಿಂದ ನಮ್ಮ ರೈತರ ಪಾಲಿಗೆ ಸಕಾಲದ ಶಸ್ತ್ರಕ್ರಿಯೆಯೇ ಇಂದಿಗೂ ಉತ್ತಮವಾದ ಔಷಧ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಲ್ಲಿ ಈ ಚಿಕಿತ್ಸೆಗೆ ಏರ್ಪಾಡುಗಳಿವೆ. ೨೦೧೮ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಗಂತಿರೋಗಗಳ ಚಿಕಿತ್ಸೆಯನ್ನೂ ಒಳಗೊಂಡಿದ್ದು, ಬಡ ಕುಟುಂಬಗಳಿಗೆ ಹೆಚ್ಚು ನೆರವಾಗುತ್ತದೆ. ಇದರ ಪ್ರಯೋಜನ ಪಡೆಯಲು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ವೈದ್ಯಾಧಿಕಾರಿಗಳಿಗೆ ತೋರಿಸಿ, ಅವರ ಶಿಫಾರಸು ಪತ್ರವನ್ನು ಪಡೆಯುವುದು ಲೇಸು. ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ಜೊತೆಯಲ್ಲಿ ಒಯ್ಯತಕ್ಕದ್ದು.

ಸಾಕುಪ್ರಾಣಿಗಳಲ್ಲಿ ಕಪ್ಪು ಗಂತಿ

ಈ ವ್ಯಾಧಿಯು ಮನುಷ್ಯರಿಗೆ ಮಾತ್ರ ಸೀಮಿತವಾದುದಲ್ಲ. ಕಪ್ಪಾಗಿ ಹುಟ್ಟಿ ವಯಸ್ಸಾದಂತೆ ಬೆಳ್ಳಗಾಗುವ ಬೂದು ಕುದುರೆಗಳಲ್ಲಿ ಇದು ಅತ್ಯಂತ ಸಾಮಾನ್ಯ. ೧೫ ವರ್ಷ ಮೀರಿದ ಇಂತಹ ಕುದುರೆಗಳಲ್ಲಿ ನೂರಕ್ಕೆ ೭೦ರಿಂದ ೮೦ರಷ್ಟಕ್ಕೆ ಬಾಲದ ಕೆಳಗೆ, ಗುದದ ಸುತ್ತ ಅಥವಾ ತುಟಿಯಲ್ಲಿ ಕಪ್ಪು ಗಂಟುಗಳು ಏಳುತ್ತವೆ. ಕೂದಲನ್ನು ಬೆಳ್ಳಗೆ ಮಾಡುವ ಅನುವಂಶೀಯ ಗುಣವೇ ಈ ಗಂಟುಗಳಿಗೂ ಕಾರಣವೆಂದು ಸ್ವೀಡನ್ ದೇಶದ ಉಪ್ಸಾಲದ ವಿದ್ವಾಂಸರು ೨೦೦೮ರಲ್ಲಿ ಕಂಡುಹಿಡಿದರು. ಇವು ಅನೇಕ ವರ್ಷ ನಿಧಾನವಾಗಿ ಬೆಳೆಯುವುದರಿಂದ ಯಜಮಾನರು ಉದಾಸೀನ ಮಾಡುತ್ತಾರೆ. ಕೊನೆಗೆ ಸಗಣಿ ಹಾಕಲೂ ಆಗದಷ್ಟು ದೊಡ್ಡದಾದ ಮೇಲೆ ಪಶುವೈದ್ಯರನ್ನು ಕರೆಯುತ್ತಾರೆ. ಗಂಟು ಸಣ್ಣದಿರುವಾಗಲೇ ತೆಗೆಸುವುದು ಸುಲಭ.

ದನಗಳಲ್ಲಿ ಇದು ಅಪರೂಪ. ಹೆಚ್ಚಾಗಿ ಎಳೆಯ ದನಗಳಲ್ಲಿ ಕಾಣುವ ಈ ಗಂಟು ಸಾಮಾನ್ಯವಾಗಿ ಸಾಧು ಸ್ವಭಾವದ್ದಾಗಿದ್ದು, ಒಮ್ಮೆ ಕೊಯ್ದು ತೆಗೆದರೆ ಮುಗಿಯಿತು. ಎತ್ತುಗಳ ಕೊಂಬಿನಲ್ಲಿ ಬರುವ ಗಂತಿಯು ಬೇರೆ ಜಾತಿಯ ರೋಗ. ಅದನ್ನು ಇದರೊಂದಿಗೆ ಬೆರೆಸಬಾರದು. ನಾಯಿಗಳ ಮೈಮೇಲಿನ ಕಪ್ಪು ಗಂಟು ಅನೇಕ ವೇಳೆ ನಿರಪಾಯವಾದುದಾದರೂ, ಬಾಯಲ್ಲಿ ಮತ್ತು ಕಾಲ್ಬೆರಳಿನಲ್ಲಿ ಎದ್ದದ್ದು ಬಹಳ ಕ್ರೂರವಾದುದು. ಕಾವಲು ನಾಯಿಯ ಬಾಯಿಂದ ದುರ್ವಾಸನೆ, ರಕ್ತಮಿಶ್ರಿತ ಜೊಲ್ಲು ಬೀಳುತ್ತಿದ್ದರೆ ಒಸಡುಗಳನ್ನು ನೋಡಿಸತಕ್ಕದ್ದು. ಈ ರೋಗವು ಪ್ರಾಣಿಗಳಿಂದ ಮನುಷ್ಯರಿಗಾಗಲಿ, ಮನುಷ್ಯರಿಂದ ಮನುಷ್ಯರಿಗಾಗಲಿ ಅಂಟುವುದಿಲ್ಲ. ರೋಗಿಯನ್ನು ದೂರವಿಡುವುದೂ ಅವನೊಡನೆ ಊಟ ಬಿಡುವುದೂ ಶುದ್ಧ ಅವಿವೇಕ.

ಗ್ರಾಮದ ಹಿರಿಯರು ಮಾಡತಕ್ಕ ಕೆಲಸ

ಅಂಗಾಲಿನ ಗಂತಿಯನ್ನು ಹುಟ್ಟದಂತೆ ತಡೆಯುವ ಔಷಧವು ಇದುವರೆಗೆ ಇಲ್ಲ. ಮುಖಕ್ಕೆ ಹಚ್ಚುವ ಬಿಸಿಲಿನ ಲೇಪಗಳು ಪಾದಕ್ಕೆ ಉಪಯೋಗವಿಲ್ಲ. ಮೊದಲೇ ಕಂಡುಹಿಡಿಯುವುದೊಂದೇ ನಿವಾರಣೋಪಾಯ. ಅದಕ್ಕೆ ಖರ್ಚಿಲ್ಲ, ಕಣ್ಣು ಮತ್ತು ಬೆಳಕು ಸಾಕು. ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸಬೇಕೆಂದು ಸೂಚಿಸುತ್ತೇವೆ:

೧. ಪ್ರತಿ ಅಮಾವಾಸ್ಯೆಯಂದು ಎತ್ತುಗಳಿಗೆ ಬಿಡುವಿರುವ ಊರುಗಳಲ್ಲಿ ಅದೇ ದಿನವನ್ನು ಪಾದಪರೀಕ್ಷೆಗೂ ಇಟ್ಟುಕೊಳ್ಳಬಹುದು. ಕಾಲನ್ನು ಚೆನ್ನಾಗಿ ತೊಳೆದು, ಹಗಲು ಬೆಳಕಿನಲ್ಲಿ ಅಂಗಾಲು, ಬೆರಳ ಸಂದು ಮತ್ತು ಉಗುರುಗಳನ್ನು ನೋಡಿಕೊಳ್ಳತಕ್ಕದ್ದು. ಮುದುಕರ ಅಂಗಾಲನ್ನು ಮನೆಯ ಕಿರಿಯರು ನೋಡಬೇಕು.

೨. ಹೆಂಗಸರು ಗೋರಂಟಿಯನ್ನಾಗಲಿ ಉಗುರಿನ ಬಣ್ಣವನ್ನಾಗಲಿ ಹಚ್ಚುವುದಕ್ಕೆ ಮೊದಲು ಉಗುರು ಮತ್ತು ಅಂಗಾಲುಗಳನ್ನು ನೋಡಿಕೊಳ್ಳತಕ್ಕದ್ದು. ನಾಟಿ, ಕಳೆ ಕೆಲಸಗಳಲ್ಲಿ ಕೆಸರಿನಲ್ಲಿ ನಿಲ್ಲುವವರು ಹೆಚ್ಚಾಗಿ ಅವರೇ ಆದುದರಿಂದ ಅವರ ಪಾದಗಳನ್ನು ಮರೆಯಬಾರದು.

೩. ಸಂದೇಹಾಸ್ಪದವಾದ ಮಚ್ಚೆ ಇದ್ದರೆ ಅದರ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಕೈಯಲ್ಲಿರುವ ದೂರವಾಣಿಯಿಂದಲೇ ಒಂದು ಚಿತ್ರವನ್ನು ತೆಗೆದಿಟ್ಟುಕೊಳ್ಳಬಹುದು. ವೈದ್ಯರಿಗೆ ಇದರಿಂದ ಬಹಳ ಸಹಾಯವಾಗುತ್ತದೆ.

೪. ಜೀತಗಾರಿಕೆಯು ೧೯೭೬ರ ಶಾಸನದಿಂದ ರದ್ದಾಗಿ, ಈಗ ಕೂಲಿಯಿಂದಲೇ ಕೆಲಸ ನಡೆಯುತ್ತಿದೆ. ಒಂದು ದಿನ ಆಸ್ಪತ್ರೆಗೆ ಹೋದರೆ ಆ ದಿನದ ಕೂಲಿ ಹೋಗುವುದೆಂಬ ಭಯದಿಂದಲೇ ಆಳುಗಳು ರೋಗವನ್ನು ಮುಚ್ಚಿಡುತ್ತಾರೆ. ಹಿಡುವಳಿದಾರರು ಆ ಒಂದು ದಿನದ ಕೂಲಿಯನ್ನು ಕೊಟ್ಟು ಕಳುಹಿಸಿದರೆ ಒಂದು ಸಂಸಾರವನ್ನು ಉಳಿಸಿದ ಪುಣ್ಯ ಬರುತ್ತದೆ.

೫. ಮುಳ್ಳು, ಕೂಳೆ ಮತ್ತು ಕಲ್ಲುಗಳಿರುವ ಕಡೆ ಚಪ್ಪಲಿಯನ್ನೂ, ಗೊಬ್ಬರ, ಔಷಧಗಳನ್ನು ಹಾಕುವಾಗ ರಬ್ಬರಿನ ಪಾದರಕ್ಷೆಯನ್ನೂ ಧರಿಸುವ ಅಭ್ಯಾಸವನ್ನು ಬೆಳೆಸಬೇಕು. ಇದರಿಂದ ಗಂತಿಯು ತಪ್ಪುವುದೆಂದು ಹೇಳಲಾಗದಿದ್ದರೂ, ನಂಜು ಮತ್ತು ಮದುರಾ ಪಾದದಂತಹ ರೋಗಗಳಿಗೆ ಅವಕಾಶ ಕಡಿಮೆಯಾಗುತ್ತದೆ. ಗಾಯಗಳು ಕಡಿಮೆಯಾದಷ್ಟೂ ಹೊಸ ಕಲೆಯು ಬೇಗ ಕಣ್ಣಿಗೆ ಬೀಳುತ್ತದೆ.

೬. ಯಾರಿಗಾದರೂ ಮಚ್ಚೆಯನ್ನು ಸುಡಿಸುವ, ಕೊಯ್ಯಿಸುವ ಆಲೋಚನೆಯಿದ್ದರೆ ತಡೆದು, ಆಸ್ಪತ್ರೆಗೆ ಕಳುಹಿಸಿಕೊಡತಕ್ಕದ್ದು.

ಹತ್ತು ಜನರನ್ನು ಆಸ್ಪತ್ರೆಗೆ ಕಳುಹಿಸಿದರೆ ಅವರಲ್ಲಿ ಬಹುಶಃ ಹತ್ತು ಜನರಿಗೂ ಬರಿಯ ಮಚ್ಚೆ, ಆಣಿ ಅಥವಾ ಕರಿಗೇರಿನ ಕಲೆಯೇ ಇದ್ದೀತು. ಅದಕ್ಕಾಗಿ ನಾಚಬೇಕಾದುದಿಲ್ಲ; ಸಂತೋಷಪಡಬೇಕು. ಬಿತ್ತನೆಯ ಬೀಜವನ್ನು ಆರಿಸುವಾಗ ಒಂದು ಕೆಟ್ಟ ಕಾಳಿಗಾಗಿ ಮೊರದ ಕಾಳನ್ನೆಲ್ಲ ನೋಡುವ ತಾಳ್ಮೆ ನಮ್ಮ ರೈತರಲ್ಲಿ ಹಿಂದಿನಿಂದಲೂ ಇದೆ. ಆ ತಾಳ್ಮೆಯಲ್ಲಿ ಸ್ವಲ್ಪವನ್ನು ತಿಂಗಳಿಗೊಮ್ಮೆ ತಮ್ಮ ಪಾದಗಳ ಕಡೆಗೂ ತಿರುಗಿಸಿದರೆ ಈ ಲೇಖನದ ಉದ್ದೇಶವು ನೆರವೇರಿದಂತಾಗುತ್ತದೆ. ಈ ಸಂಚಿಕೆಯನ್ನು ಓದಿದ ಮುಖಂಡರು ಇದರ ಸಾರಾಂಶವನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕೆಂದು ಪ್ರಾರ್ಥಿಸುತ್ತೇವೆ.